ವಿದ್ಯುತ್ ದ್ವಿಚಕ್ರ ವಾಹನಗಳ ಬ್ರೇಕ್ ಕೇಬಲ್ ಸಂರಕ್ಷಣೆ: ಹೊಸೂರು–ಕೃಷ್ಣಗಿರಿ ಸೀಮೆ

ಬ್ರೇಕ್ ಲಿವರ್‌ನಿಂದ ಚಕ್ರದ ಡ್ರಮ್‌ವರೆಗೆ ಕೈಯ ಎಳೆತವನ್ನು ಒಯ್ಯುವ ಉಕ್ಕಿನ ತಂತಿಗೆ ತುಕ್ಕು ಹಿಡಿಯದಂತೆ, ಅದು ತನ್ನ ಕವಚದೊಳಗೆ ಬಿಗಿದುಕೊಳ್ಳದಂತೆ ನೋಡಿಕೊಳ್ಳುವ ಕ್ರಮಗಳಿಗೆ ಬ್ರೇಕ್ ಕೇಬಲ್ ಸಂರಕ್ಷಣೆ ಎಂದು ಹೆಸರು. ಗ್ಯಾರೇಜುಗಳಲ್ಲಿ ಈ ಭಾಗವನ್ನು 'ಬ್ರೇಕ್ ವಯರ್' ಎನ್ನುತ್ತಾರೆ. ಅದು ಕೆಟ್ಟಾಗ 'ವಯರ್ ಜಾಮ್ ಆಗಿದೆ', 'ಬ್ರೇಕ್ ಹಿಡ್ಕೊಂಡಿದೆ' ಎಂಬ ಮಾತು ಕೇಳಿಬರುತ್ತದೆ. ಚಳಿ ದೇಶಗಳಲ್ಲಿ ಕೇಬಲ್ಲಿನೊಳಗೆ ಸೇರಿದ ನೀರು ನಿಜವಾಗಿಯೇ ಹೆಪ್ಪುಗಟ್ಟುತ್ತದೆ. ತಮಿಳುನಾಡಿನ ಹೊಸೂರು, ಡೆಂಕಣಿಕೋಟೆ, ತಳಿ, ಶೂಲಗಿರಿ, ಕೃಷ್ಣಗಿರಿಗಳಲ್ಲಿ ಅಷ್ಟು ಚಳಿಯಿಲ್ಲ. ಇಲ್ಲಿ ತಂತಿಯನ್ನು ಕಟ್ಟಿಹಾಕುವುದು ತುಕ್ಕು, ದೂಳು ಮತ್ತು ಗಟ್ಟಿಯಾದ ಹಳೆಯ ಎಣ್ಣೆ.

ಬ್ಯಾಟರಿ ಗಾಡಿಗೆ ಎಂಜಿನ್ ಆಯಿಲ್ ಬೇಡ, ಸ್ಪಾರ್ಕ್ ಪ್ಲಗ್ ಇಲ್ಲ, ಕಾರ್ಬ್ಯುರೇಟರ್ ಇಲ್ಲ. ಹೀಗಾಗಿ ಗಾಡಿ ಮೆಕ್ಯಾನಿಕ್ ಕೈಗೆ ಹೋಗುವುದೇ ಅಪರೂಪವಾಗಿ, ಹಿಂದೆ ಎಂಜಿನ್ ಸರ್ವಿಸ್ ಜೊತೆಗೆ ತಾನಾಗಿ ಎಣ್ಣೆ ಕಾಣುತ್ತಿದ್ದ ಬ್ರೇಕ್ ಕೇಬಲ್ ಈಗ ಯಾರ ಕಣ್ಣಿಗೂ ಬೀಳದೆ ಹಳತಾಗುತ್ತದೆ. ಇದೇ ಈ ವಿಷಯದ ಮುಖ್ಯ ಸಂಗತಿ.

ಪ್ರದೇಶ ಮತ್ತು ಉದ್ಯಮ

ಕೃಷ್ಣಗಿರಿ ಜಿಲ್ಲೆ 2004ರಲ್ಲಿ ಧರ್ಮಪುರಿ ಜಿಲ್ಲೆಯಿಂದ ಬೇರ್ಪಟ್ಟು ರೂಪುಗೊಂಡಿತು. ಕರ್ನಾಟಕದ ಗಡಿಗೆ ತಾಗಿದ ಈ ಸೀಮೆಯಲ್ಲಿ ತಮಿಳು, ತೆಲುಗು, ಕನ್ನಡ ಮೂರೂ ಮನೆಮಾತುಗಳು. ಹೊಸೂರಿನಿಂದ ಅತ್ತಿಬೆಲೆ, ಬೊಮ್ಮಸಂದ್ರ, ಎಲೆಕ್ಟ್ರಾನಿಕ್ ಸಿಟಿಗಳಿಗೆ ದಿನವೂ ಕೆಲಸಕ್ಕೆ ಹೋಗಿಬರುವವರು ಬಹಳ. ದ್ವಿಚಕ್ರ ವಾಹನ ಅವರ ದಿನನಿತ್ಯದ ಆಸರೆ.

ಇಲ್ಲಿ ದ್ವಿಚಕ್ರ ವಾಹನ ತಯಾರಿಕೆಗೆ ನಾಲ್ಕು ದಶಕ ಮೀರಿದ ಇತಿಹಾಸವಿದೆ. ಟಿವಿಎಸ್ 50 ಮೊಪೆಡ್ 1980ರಲ್ಲಿ ಹೊಸೂರಿನ ಕಾರ್ಖಾನೆಯಿಂದ ಹೊರಬಂದಿತು. ಟಿವಿಎಸ್ ಕಂಪನಿಯದೇ ವಿದ್ಯುತ್ ಸ್ಕೂಟರ್ ಐಕ್ಯೂಬ್ 2020ರ ಜನವರಿಯಲ್ಲಿ ಮಾರುಕಟ್ಟೆಗೆ ಬಂತು. ಬೆಂಗಳೂರಿನ ಏಥರ್ ಎನರ್ಜಿ 2021ರಲ್ಲಿ ತನ್ನ ತಯಾರಿಕೆಯನ್ನು ಹೊಸೂರಿಗೆ ತಂದಿತು. ಓಲಾ ಎಲೆಕ್ಟ್ರಿಕ್ ಪೋಚಂಪಳ್ಳಿಯ ಬಳಿ 500 ಎಕರೆಯಲ್ಲಿ ಕಾರ್ಖಾನೆ ಕಟ್ಟಿ, 2021ರ ಡಿಸೆಂಬರಿನಿಂದ ಗಾಡಿಗಳನ್ನು ಗ್ರಾಹಕರಿಗೆ ಕೊಡತೊಡಗಿತು. ಸಿಂಪಲ್ ಎನರ್ಜಿಯ ಘಟಕ 2023ರಲ್ಲಿ ಶೂಲಗಿರಿಯಲ್ಲಿ ಆರಂಭವಾಯಿತು.

ಕೇಬಲ್ ತಯಾರಿಕೆಯೂ ಬೆಂಗಳೂರು–ಹೊಸೂರು ಹೆದ್ದಾರಿಯ ಮೇಲಿದೆ. 1985ರಲ್ಲಿ ಅಜಿತ್ ಕುಮಾರ್ ರೈ ಅವರು ಸ್ಥಾಪಿಸಿದ ಸುಪ್ರಜಿತ್ ಎಂಜಿನಿಯರಿಂಗ್ ಕಂಪನಿಯ ನೆಲೆ ಆನೇಕಲ್ ತಾಲ್ಲೂಕಿನ ಬೊಮ್ಮಸಂದ್ರ. ಬ್ರೇಕ್, ಕ್ಲಚ್, ಆ್ಯಕ್ಸಿಲರೇಟರ್ ಕೇಬಲ್‌ಗಳಲ್ಲಿ ಅದು ದೇಶದ ಮುಂಚೂಣಿ ತಯಾರಕ. ಗಾಡಿ, ಅದರ ಕೇಬಲ್, ಅದನ್ನು ಓಡಿಸುವ ಕೆಲಸಗಾರ ಮೂವರೂ ಒಂದೇ ರಸ್ತೆಯ ಆಸುಪಾಸಿನವರಾದ ಇಂಥ ಸೀಮೆ ದೇಶದಲ್ಲಿ ವಿರಳ.

ಕೇಬಲ್ಲಿನ ರಚನೆ

ಬಾಗಿದ ಕವಚದೊಳಗೆ ತಂತಿಯನ್ನು ಜಾರಿಸಿ ಎಳೆತವನ್ನು ದಾಟಿಸುವ ಈ ವ್ಯವಸ್ಥೆಗೆ 'ಬೌಡನ್ ಕೇಬಲ್' ಎಂದು ಹೆಸರು. ಐರ್ಲೆಂಡ್ ಮೂಲದ ಅರ್ನೆಸ್ಟ್ ಮಾನಿಂಗ್ಟನ್ ಬೌಡನ್ 1896ರಲ್ಲಿ ಇದಕ್ಕೆ ಬ್ರಿಟನ್ನಿನಲ್ಲಿ ಪೇಟೆಂಟ್ ಪಡೆದ. ಸೈಕಲ್ಲಿನಲ್ಲಿ ಬೇರೂರಿದ ಈ ಉಪಾಯ ಮೋಟಾರ್ ಸೈಕಲ್ಲಿಗೆ, ಅಲ್ಲಿಂದ ಇಂದಿನ ವಿದ್ಯುತ್ ಸ್ಕೂಟರಿಗೆ ಹೆಚ್ಚು ಬದಲಾಗದೆ ಇಳಿದು ಬಂದಿದೆ.

ಕೇಬಲ್ಲಿಗೆ ಎರಡು ಭಾಗ. ಒಳಗಿನದು ಹಲವು ಸಣ್ಣ ಉಕ್ಕಿನ ಎಳೆಗಳನ್ನು ಹಗ್ಗದಂತೆ ಹೊಸೆದ ತಂತಿ. ಸೈಕಲ್ಲುಗಳಲ್ಲಿ ಇದರ ದಪ್ಪ ಸುಮಾರು 1.5 ಮಿ.ಮೀ.; ಸ್ಕೂಟರುಗಳಲ್ಲಿ ಇನ್ನೂ ದಪ್ಪ. ತಂತಿಯ ತುದಿಯಲ್ಲಿ ಲಿವರ್‌ಗೆ ಸಿಕ್ಕಿಸುವ ಲೋಹದ ಗುಂಡಿಗೆ 'ನಿಪ್ಪಲ್' ಎನ್ನುತ್ತಾರೆ. ಹೊರಗಿನದು ಕವಚ: ಒಳಮೈಗೆ ಜಾರುವ ಪ್ಲಾಸ್ಟಿಕ್ ಪದರ, ಅದರ ಮೇಲೆ ಸುರುಳಿ ಸುತ್ತಿದ ಉಕ್ಕು, ಎಲ್ಲಕ್ಕೂ ಮೇಲೆ ಕಪ್ಪು ಪ್ಲಾಸ್ಟಿಕ್ ಹೊದಿಕೆ. ಎರಡೂ ತುದಿಗಳಲ್ಲಿ ನೀರು ತಡೆಯುವ ರಬ್ಬರ್ ಬೂಟುಗಳು, ಚಕ್ರದ ಬಳಿ ಬಿಗಿತವನ್ನು ಹೊಂದಿಸುವ ನಟ್ ಇರುತ್ತವೆ.

ಎಲ್ಲ ವಿದ್ಯುತ್ ಗಾಡಿಗಳಲ್ಲೂ ಬ್ರೇಕ್ ಕೇಬಲ್ ಇರುವುದಿಲ್ಲ. ಏಥರ್ 450ರಂಥವುಗಳಲ್ಲಿ ಎರಡೂ ಚಕ್ರಗಳಿಗೆ ಡಿಸ್ಕ್ ಇದ್ದು, ಬ್ರೇಕ್ ಆಯಿಲ್ ಒತ್ತಡದಿಂದ ಕೆಲಸ ಮಾಡುತ್ತದೆ. ಐಕ್ಯೂಬ್‌ನಲ್ಲಿ ಮುಂದೆ 220 ಮಿ.ಮೀ. ಡಿಸ್ಕ್, ಹಿಂದೆ 130 ಮಿ.ಮೀ. ಡ್ರಮ್ ಇದೆ. 2024ರಲ್ಲಿ ಬಂದ ಏಥರ್ ರಿಜ್ತಾದಲ್ಲಿಯೂ ಹಿಂದಿನದು ಡ್ರಮ್. ಓಲಾ ಎಸ್1 ಎಕ್ಸ್ ಮಾದರಿಯಲ್ಲಿ ಎರಡೂ ಚಕ್ರಕ್ಕೆ ಡ್ರಮ್. ಡ್ರಮ್ ಬ್ರೇಕನ್ನು ಎಳೆಯುವುದು ಕೇಬಲ್. 250 ವ್ಯಾಟ್‌ಗಿಂತ ಕಡಿಮೆ ಶಕ್ತಿಯ, ಗಂಟೆಗೆ 25 ಕಿ.ಮೀ. ಮೀರದ, ನೋಂದಣಿ ಬೇಡದ ಸಣ್ಣ ಗಾಡಿಗಳಲ್ಲಿ ಮತ್ತು ಮೋಟಾರ್ ಅಳವಡಿಸಿದ ಸೈಕಲ್ಲುಗಳಲ್ಲಿ ಸಾಮಾನ್ಯವಾಗಿ ಎರಡೂ ಬ್ರೇಕುಗಳು ಕೇಬಲ್ಲಿನವೇ. ಅಗ್ಗದ ಗಾಡಿಯನ್ನು ಕೊಂಡವರಿಗೇ ಈ ತಿಳಿವಳಿಕೆ ಹೆಚ್ಚು ಬೇಕು.

2019ರ ಏಪ್ರಿಲ್‌ನಿಂದ ನೋಂದಣಿ ಬೇಕಾದ ಸಣ್ಣ ದ್ವಿಚಕ್ರ ವಾಹನಗಳಿಗೆ ಕನಿಷ್ಠ ಕಂಬೈನ್ಡ್ ಬ್ರೇಕ್ ಕಡ್ಡಾಯವಾಯಿತು. ಎಡಗೈಯ ಒಂದೇ ಲಿವರ್ ಎಳೆದರೆ ಎರಡೂ ಚಕ್ರಕ್ಕೆ ಬ್ರೇಕ್ ಬೀಳುವ ವ್ಯವಸ್ಥೆಯಿದು. ಕೇಬಲ್ಲಿನ ಮೂಲಕ ಎಳೆತ ಹಂಚಿಹೋಗುವ ಗಾಡಿಗಳಲ್ಲಿ ಒಂದು ತಂತಿ ಬಿಗಿದರೂ ಹಂಚಿಕೆಯ ತೂಕ ತಪ್ಪುತ್ತದೆ.

ತುಕ್ಕಿನ ಕಾರಣಗಳು

ಕಬ್ಬಿಣಕ್ಕೆ ನೀರು ಮತ್ತು ಆಮ್ಲಜನಕ ಎರಡೂ ಒಟ್ಟಿಗೆ ತಗುಲಿದಾಗ ತುಕ್ಕು ಹುಟ್ಟುತ್ತದೆ. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಜಾಗ ಬೇಡುತ್ತದೆ. ಬಯಲಿನಲ್ಲಿರುವ ಕಂಬಿಗೆ ಅದರಿಂದ ತೊಂದರೆಯಿಲ್ಲ. ಆದರೆ ಕೇಬಲ್ಲಿನಲ್ಲಿ ತಂತಿಗೂ ಕವಚಕ್ಕೂ ನಡುವೆ ಇರುವುದು ಕೂದಲೆಳೆಯಷ್ಟು ಸಂದು. ಅಲ್ಲಿ ಉಬ್ಬಿದ ತುಕ್ಕು ತಂತಿಯನ್ನು ಬೆಣೆ ಬಡಿದಂತೆ ಬಿಗಿಯುತ್ತದೆ. ಹೊಸೆದ ಎಳೆಗಳ ನಡುವಿನ ಸಂದು, ದೀಪದ ಬತ್ತಿ ಎಣ್ಣೆ ಹೀರುವಂತೆ, ನೀರನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಒಳಹೋದ ನೀರು ಕೇಬಲ್ಲಿನ ತಗ್ಗಿನ ತಿರುವಿನಲ್ಲಿ ನಿಲ್ಲುತ್ತದೆ.

ಉಕ್ಕಿನ ಎಳೆಗಳಿಗೆ ಸತುವಿನ ಲೇಪ ಕೊಟ್ಟಿರುತ್ತಾರೆ. ಸತು ತಾನು ಮೊದಲು ಕರಗಿ ಉಕ್ಕನ್ನು ಕಾಯುತ್ತದೆ. ಆದರೆ ತಿರುವುಗಳಲ್ಲಿ ತಂತಿ ಕವಚಕ್ಕೆ ಉಜ್ಜುತ್ತ ಲೇಪ ಸವೆಯುತ್ತದೆ. ತುಕ್ಕು ಮೊದಲು ಕಾಣುವುದು ಅಲ್ಲಿಯೇ. ತುಕ್ಕು ತಡೆಯುವ ಸ್ಟೇನ್‌ಲೆಸ್ ಸ್ಟೀಲ್ ತಂತಿಯೂ ದೂಳು ತುಂಬಿದರೆ ಬಿಗಿಯುತ್ತದೆ.

ಈ ಸೀಮೆಯ ಹವೆ, ನೆಲ, ಬದುಕು ಮೂರೂ ಕೇಬಲ್ಲಿನ ಮೇಲೆ ಕೆಲಸ ಮಾಡುತ್ತವೆ. ಇಲ್ಲಿ ಮುಂಗಾರಿನ ಮಳೆಯೂ ಹಿಂಗಾರಿನ ಮಳೆಯೂ ಬೀಳುತ್ತವೆ. ಸೆಪ್ಟೆಂಬರ್–ಅಕ್ಟೋಬರ್ ಬಲವಾದ ಮಳೆಯ ಕಾಲ. ಕೃಷ್ಣಗಿರಿ ಗ್ರಾನೈಟ್ ಕಲ್ಲಿಗೆ ಹೆಸರಾದ ಜಿಲ್ಲೆ. ಕ್ವಾರಿಗಳ, ಕಲ್ಲು ಲಾರಿಗಳ ದಾರಿಯಲ್ಲಿ ಏಳುವ ಗಟ್ಟಿ ದೂಳು ಎಣ್ಣೆಯೊಡನೆ ಬೆರೆತರೆ ಸಾಣೆಯ ಪುಡಿಯಂತೆ ಸತುವಿನ ಲೇಪವನ್ನು ಉಜ್ಜಿ ತೆಗೆಯುತ್ತದೆ. ತಳಿ, ಡೆಂಕಣಿಕೋಟೆ ಕಡೆಯ ರೈತರು ಸ್ಕೂಟರಿನ ಕಾಲಿಡುವ ಜಾಗದಲ್ಲಿ ಗೊಬ್ಬರದ ಚೀಲ ಇಟ್ಟು ಒಯ್ಯುತ್ತಾರೆ. ಪೊಟ್ಯಾಷ್ ಗೊಬ್ಬರದಲ್ಲಿ ಕ್ಲೋರೈಡ್ ಉಪ್ಪಿರುತ್ತದೆ. ಚೀಲದಿಂದ ಉದುರಿದ ಪುಡಿ ತೇವ ಹೀರಿ ಅಡಿಯಲ್ಲಿ ಹಾದುಹೋದ ಕೇಬಲ್ಲಿನ ಬಾಯಿಗೆ ಇಳಿದರೆ, ಮಂಗಳೂರು–ಕಾಸರಗೋಡು ಕಡಲತೀರದ ಉಪ್ಪುಗಾಳಿ ಮಾಡುವ ಕೆಲಸವನ್ನೇ ಇಲ್ಲಿ ಮಾಡುತ್ತದೆ. ಹಿಮ ಕರಗಿಸಲು ರಸ್ತೆಗೆ ಉಪ್ಪು ಸುರಿಯುವ ಕೆನಡಾದಲ್ಲಿ ಸೈಕಲ್ ಕೇಬಲ್‌ಗಳು ಬೇಗ ಹಾಳಾಗುವುದಕ್ಕೂ ಕಾರಣ ಇದೇ ಕ್ಲೋರೈಡ್.

ವಾಟರ್ ಸರ್ವಿಸ್ ಅಂಗಡಿಯ ಒತ್ತಡದ ನೀರು ಇನ್ನೊಂದು ಕಾರಣ. ಅನೇಕ ಗಾಡಿಗಳ ಬ್ಯಾಟರಿಗೆ ಐಪಿ67 ರಕ್ಷಣೆ ಇರುತ್ತದೆ. ಒಂದು ಮೀಟರ್ ಆಳದ ನೀರಿನಲ್ಲಿ ಅರ್ಧ ಗಂಟೆ ಇದ್ದರೂ ಒಳಗೆ ನೀರು ಸೇರದು ಎಂದು ಅದರ ಅರ್ಥ. ಆ ಭರವಸೆ ಬ್ಯಾಟರಿಗೆ ಮಾತ್ರ ಸಲ್ಲುತ್ತದೆ, ಬ್ರೇಕ್ ಕೇಬಲ್ಲಿಗೆ ಅಂಥ ರಕ್ಷಣೆ ಇಲ್ಲ. ಮಳೆಯಲ್ಲಿ ನೆಂದ ಗಾಡಿಯನ್ನು ಒರೆಸದೆ ಪ್ಲಾಸ್ಟಿಕ್ ಹೊದಿಕೆ ಹಾಕಿ ರಾತ್ರಿಯೆಲ್ಲ ಚಾರ್ಜಿಗೆ ನಿಲ್ಲಿಸಿದರೆ ತೇವ ಆರುವ ದಾರಿಯೇ ಮುಚ್ಚುತ್ತದೆ.

ವಿದ್ಯುತ್ ಗಾಡಿಗಳ ವಿಶೇಷ ಸ್ಥಿತಿ

ಆ್ಯಕ್ಸಿಲರೇಟರ್ ಬಿಟ್ಟಾಗ ಮೋಟಾರ್ ತಾನೇ ಡೈನಮೋದಂತೆ ತಿರುಗಿ ಬ್ಯಾಟರಿಗೆ ಕರೆಂಟು ತುಂಬುತ್ತ ಗಾಡಿಯ ವೇಗ ಇಳಿಸುವುದಕ್ಕೆ ರೀಜನರೇಟಿವ್ ಬ್ರೇಕಿಂಗ್ (ರೀಜನ್) ಎನ್ನುತ್ತಾರೆ. 2024ರ ಏಥರ್ 450 ಏಪೆಕ್ಸ್‌ನಲ್ಲಿ ಆ್ಯಕ್ಸಿಲರೇಟರ್ ಒಂದರಿಂದಲೇ ಗಾಡಿಯನ್ನು ನಿಧಾನಿಸುವ ಸೌಲಭ್ಯ ಬಂತು. ಇದು ಒಳ್ಳೆಯ ಸೌಲಭ್ಯ. ಆದರೆ ರೀಜನ್ ಬಲವಾಗಿರುವ ಡ್ರಮ್ ಬ್ರೇಕಿನ ಗಾಡಿಯಲ್ಲಿ ಕೈಬ್ರೇಕಿನ ಬಳಕೆ ಕಡಿಮೆಯಾಗುತ್ತದೆ. ತಂತಿ ಚಲಿಸದಿದ್ದರೆ ಎಣ್ಣೆಯ ಪದರ ಒಂದೆಡೆ ಒಣಗುತ್ತದೆ, ತೇವ ನಿಂತಲ್ಲೇ ನಿಲ್ಲುತ್ತದೆ, ಬ್ರೇಕ್ ಶೂಗಳನ್ನು ಅಗಲಿಸುವ ಕ್ಯಾಮ್ ಕೂಡ ತನ್ನ ಗೂಡಿನಲ್ಲಿ ಹಿಡಿದುಕೊಳ್ಳುತ್ತದೆ. ಗೋಡೆಗೆ ತೂಗುಹಾಕಿದ ಕುಡುಗೋಲಿಗೆ ತುಕ್ಕು ಹಿಡಿಯುವಂತೆಯೇ ಇದು.

ಇನ್ನೊಂದು ಅಪಾಯ ಇಳಿಜಾರಿನದು. ಹೊಸೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ, ಕೃಷ್ಣಗಿರಿ ಸುಮಾರು 500 ಮೀಟರ್. ರಾಷ್ಟ್ರೀಯ ಹೆದ್ದಾರಿ 44ರಲ್ಲಿ ಸುಮಾರು 50 ಕಿ.ಮೀ. ಸಾಗುವಷ್ಟರಲ್ಲಿ ನೆಲ 400 ಮೀಟರ್ ಇಳಿಯುತ್ತದೆ. ಪೂರ್ತಿ ಚಾರ್ಜಾದ ಬ್ಯಾಟರಿ ಹೊಸ ಕರೆಂಟನ್ನು ತೆಗೆದುಕೊಳ್ಳಲಾರದು. ಆಗ ರೀಜನ್ ತೀರ ಕಡಿಮೆಯಾಗುತ್ತದೆ ಅಥವಾ ನಿಲ್ಲುತ್ತದೆ. ಬೆಳಿಗ್ಗೆ ನೂರಕ್ಕೆ ನೂರು ಚಾರ್ಜ್ ಮಾಡಿಕೊಂಡು ಹೊರಟವನಿಗೆ ದಿನವೂ ನೆರವಾಗುತ್ತಿದ್ದ ಮೋಟಾರಿನ ಹಿಡಿತ ಅಂದು ಸಿಗುವುದಿಲ್ಲ. ಗಾಡಿ ನಿಲ್ಲಿಸುವ ಪೂರ್ತಿ ಹೊಣೆ ವಾರಗಟ್ಟಲೆ ಸರಿಯಾಗಿ ಎಳೆಯದ ಕೇಬಲ್ಲಿನ ಮೇಲೆ ಬೀಳುತ್ತದೆ.

ಮೂರನೆಯದು ಬ್ರೇಕ್ ಸ್ವಿಚ್. ವಿದ್ಯುತ್ ಗಾಡಿಗಳಲ್ಲಿ ಲಿವರ್ ಎಳೆದೊಡನೆ ಮೋಟಾರಿಗೆ ಕರೆಂಟು ಕಡಿದುಹೋಗುವಂತೆ ಸ್ವಿಚ್ ಇರುತ್ತದೆ. ತಂತಿ ಬಿಗಿದು ಲಿವರ್ ಪೂರ್ತಿ ತನ್ನ ಜಾಗಕ್ಕೆ ಮರಳದಿದ್ದರೆ ಬ್ರೇಕ್ ಲೈಟು ಉರಿಯುತ್ತಲೇ ಇರುತ್ತದೆ, ಮೋಟಾರ್ ಎಳೆಯುವುದಿಲ್ಲ. ಮಾಲೀಕ ಬ್ಯಾಟರಿ ಹೋಯಿತೆಂದೋ ಕಂಟ್ರೋಲರ್ ಸುಟ್ಟಿತೆಂದೋ ಹೆದರುತ್ತಾನೆ. ಅಷ್ಟು ಖರ್ಚಿಗೆ ಕೈಹಾಕುವ ಮೊದಲು ಲಿವರ್ ಅನ್ನು ಮುಂದಕ್ಕೆ ತಳ್ಳಿ ನೋಡಬೇಕು.

ಬಿಗಿದ ಕೇಬಲ್ಲಿನ ಲೆಕ್ಕ

ಗೂಟಕ್ಕೆ ಎರಡು ಸುತ್ತು ಹಗ್ಗ ಸುತ್ತಿದರೆ ಹೋರಿಯನ್ನೂ ಒಬ್ಬನೇ ಹಿಡಿದು ನಿಲ್ಲಿಸಬಹುದು. ಸುತ್ತು ಹೆಚ್ಚಿದಂತೆ, ಒರಟುತನ ಹೆಚ್ಚಿದಂತೆ ಘರ್ಷಣೆ ಗುಣಿಸುತ್ತ ಹೋಗುವುದೇ ಅದರ ಗುಟ್ಟು. ಬಾಗಿದ ಕೇಬಲ್ಲಿನಲ್ಲೂ ಇದೇ ನಿಯಮ ನಡೆಯುತ್ತದೆ, ಆದರೆ ಸವಾರನ ವಿರುದ್ಧವಾಗಿ. ಕೇಬಲ್ಲಿನ ಎಲ್ಲ ತಿರುವುಗಳೂ ಸೇರಿ 180 ಡಿಗ್ರಿ ಎಂದುಕೊಳ್ಳೋಣ. ಘರ್ಷಣಾಂಕ 0.1 ಇದ್ದರೆ ಲಿವರ್ ತುದಿಯ 10 ಕಿಲೋ ಎಳೆತದಲ್ಲಿ ಸುಮಾರು 7.3 ಕಿಲೋ ಡ್ರಮ್ಮಿಗೆ ತಲುಪುತ್ತದೆ. ತುಕ್ಕು–ದೂಳಿನಿಂದ ಅದು 0.3ಕ್ಕೆ ಏರಿದರೆ ತಲುಪುವುದು 3.9 ಕಿಲೋ ಮಾತ್ರ. ಕೈ ಅಷ್ಟೇ ಎಳೆದರೂ ಬ್ರೇಕಿಗೆ ಸಿಗುವ ಬಲ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ.

ಗಂಟೆಗೆ 40 ಕಿ.ಮೀ. ವೇಗದ ಗಾಡಿಯ ವೇಗವನ್ನು ಬ್ರೇಕು ಒಂದೊಂದು ಸೆಕೆಂಡಿನಲ್ಲೂ 5 ಮೀ./ಸೆ.ನಷ್ಟು ಇಳಿಸಿದರೆ ಅದು ಸುಮಾರು 12 ಮೀಟರಿನಲ್ಲಿ ನಿಲ್ಲುತ್ತದೆ. ಹಿಡಿತ ಅರ್ಧವಾದರೆ ಸುಮಾರು 25 ಮೀಟರ್ ಬೇಕು. ರಸ್ತೆಗೆ ಓಡಿಬಂದ ಮಗುವಿಗೆ ಆ 13 ಮೀಟರೇ ಜೀವ.

ತಂತಿ ಹಿಂದಕ್ಕೆ ಬಾರದಿದ್ದಾಗ ಬೇರೆ ಬಗೆಯ ನಷ್ಟ. ಶೂಗಳು ಡ್ರಮ್ಮಿಗೆ ತಾಗಿಕೊಂಡೇ ಇರುತ್ತವೆ, ಡ್ರಮ್ ಬಿಸಿಯಾಗುತ್ತದೆ, ಲೈನರ್ ಸವೆಯುತ್ತದೆ, ಒಂದು ಚಾರ್ಜಿಗೆ ಓಡುವ ದೂರ ಕಡಿಮೆಯಾಗುತ್ತದೆ.

ಗುರುತಿಸುವ ಬಗೆ

ಪರೀಕ್ಷೆಗೆ ಐದು ನಿಮಿಷ ಸಾಕು, ಉಪಕರಣ ಬೇಡ. ವಾರಕ್ಕೊಮ್ಮೆ ಇವನ್ನು ನೋಡಬೇಕು:

- ಗಾಡಿ ಆಫ್ ಇರುವಾಗ ಲಿವರ್ ಎಳೆದು ಬಿಟ್ಟರೆ ಅದು ಟಕ್ಕನೆ ಹಿಂದಕ್ಕೆ ಬರಬೇಕು. ಮೆಲ್ಲಗೆ ಬಂದರೆ ತಂತಿಯಲ್ಲೋ ಲಿವರ್ ಪಿನ್ನಿನಲ್ಲೋ ಕ್ಯಾಮಿನಲ್ಲೋ ಬಿಗಿತವಿದೆ.
- ಸೆಂಟರ್ ಸ್ಟ್ಯಾಂಡ್ ಹಾಕಿ, ಪವರ್ ಆಫ್ ಮಾಡಿ, ಹಿಂದಿನ ಚಕ್ರವನ್ನು ಕೈಯಿಂದ ತಿರುಗಿಸಬೇಕು. ಬ್ರೇಕ್ ಎಳೆದು ಬಿಟ್ಟ ಮೇಲೂ ಮೊದಲಿನಷ್ಟೇ ಹಗುರಾಗಿ ತಿರುಗಬೇಕು.
- ಹ್ಯಾಂಡಲನ್ನು ಎಡಕ್ಕೂ ಬಲಕ್ಕೂ ಪೂರ್ತಿ ತಿರುಗಿಸಿದಾಗ ಲಿವರಿನ ಸಡಿಲ ಬದಲಾಗಬಾರದು. ಬದಲಾದರೆ ಕೇಬಲ್ ಎಲ್ಲೋ ಸಿಕ್ಕಿಕೊಂಡಿದೆ.
- ತಂತಿ ಹೊರಗೆ ಕಾಣುವ ಕಡೆ ಕೆಂಪುಪುಡಿ, ತುಂಡಾದ ಎಳೆ, ಬಿಚ್ಚಿದ ಹುರಿ, ಬಿರುಕುಬಿಟ್ಟ ಹೊದಿಕೆ, ಹರಿದ ರಬ್ಬರ್ ಬೂಟು ಇವೆಯೇ ನೋಡಬೇಕು.

ಎಂಜಿನ್ ಸದ್ದಿಲ್ಲದ ಗಾಡಿಯಲ್ಲಿ ಶೂ ಉಜ್ಜುವ 'ಸರಸರ' ಶಬ್ದ ಕಿವಿಗೆ ಸ್ಪಷ್ಟವಾಗಿ ಕೇಳುತ್ತದೆ. ಪೆಟ್ರೋಲ್ ಗಾಡಿಯಲ್ಲಿ ಸಿಗದ ಅನುಕೂಲ ಇದು.

ತಡೆಯುವ ಕ್ರಮಗಳು

*ನೀರನ್ನು ಹೊರಗಿಡುವುದು.* ರಬ್ಬರ್ ಬೂಟು ಜಾಗದಲ್ಲಿರಬೇಕು. ಹರಿದದ್ದನ್ನು ಒಡನೆ ಬದಲಿಸಬೇಕು. ಒತ್ತಡದ ನೀರನ್ನು ಲಿವರ್, ಕೇಬಲ್ ತುದಿ, ಡ್ರಮ್ ಮತ್ತು ಮೋಟಾರ್ ಕಡೆಗೆ ಹಿಡಿಯಬಾರದು. ಬಕೆಟ್ ನೀರು, ಒದ್ದೆ ಬಟ್ಟೆ ಸಾಕು. ನೆಂದ ಗಾಡಿಯನ್ನು ಒರೆಸಿ ಗಾಳಿಯಾಡುವಲ್ಲಿ ಆರಿಸಿ, ಆಮೇಲೆ ಹೊದಿಕೆ ಹಾಕಬೇಕು. ಗೊಬ್ಬರ ಸಾಗಿಸಿದ ದಿನ ಕಾಲಿಡುವ ಜಾಗವನ್ನು ಒದ್ದೆ ಬಟ್ಟೆಯಿಂದ ಒರೆಸುವುದು ಅಗತ್ಯ.

*ತಂತಿಯನ್ನು ಆಡಿಸುವುದು.* ರೀಜನ್ ಎಷ್ಟೇ ಚೆನ್ನಾಗಿದ್ದರೂ ದಿನಕ್ಕೆ ಕೆಲವು ಸಲ ಎರಡೂ ಲಿವರುಗಳನ್ನು ಪೂರ್ತಿ ಎಳೆದು ನಿಲ್ಲಿಸಬೇಕು. ಮಳೆಯಲ್ಲಿ ಬಂದವರು ಮನೆ ಹತ್ತಿರವಾದಾಗ ಮೆಲ್ಲಗೆ ನಾಲ್ಕೈದು ಸಲ ಬ್ರೇಕ್ ಹಾಕಿದರೆ ಡ್ರಮ್ಮಿನ ತೇವ ಬಿಸಿಗೆ ಆರುತ್ತದೆ.

*ಎಣ್ಣೆ ಬಿಡುವುದು.* ಮೊದಲು ಗಾಡಿಯ ಕೈಪಿಡಿ ನೋಡಬೇಕು. ಒಳಗೆ ಜಾರುವ ಪ್ಲಾಸ್ಟಿಕ್ ಪದರವಿರುವ ಕೆಲವು ಕೇಬಲ್‌ಗಳಿಗೆ ಎಣ್ಣೆ ಬೇಡವೆಂದು ತಯಾರಕರೇ ಹೇಳಿರುತ್ತಾರೆ. ಬೇಕಾದವುಗಳಿಗೆ ತೆಳುವಾದ ಯಂತ್ರದೆಣ್ಣೆ ಅಥವಾ ಕೇಬಲ್ಲಿಗೆಂದೇ ಸಿಗುವ ಸ್ಪ್ರೇ ಸರಿ. ಲಿವರಿನ ತುದಿಯಲ್ಲಿ ತಂತಿ ಬಿಚ್ಚಿ, ಕವಚದ ಬಾಯಿಗೆ ಪ್ಲಾಸ್ಟಿಕ್ ಹಾಳೆಯನ್ನು ಆಲಿಕೆಯಂತೆ ಕಟ್ಟಿ, ಹನಿಹನಿಯಾಗಿ ಎಣ್ಣೆ ಬಿಟ್ಟು ತಂತಿಯನ್ನು ಮೇಲೆ ಕೆಳಗೆ ಆಡಿಸುವುದು ಗ್ಯಾರೇಜುಗಳ ಹಳೆಯ ಪದ್ಧತಿ. ಸೂಜಿಯಿಲ್ಲದ ಸಿರಿಂಜಿನಿಂದಲೂ ಬಿಡಬಹುದು. ಕೆಳತುದಿಯಲ್ಲಿ ಶುದ್ಧ ಎಣ್ಣೆ ಕಾಣುವವರೆಗೆ ಬಿಟ್ಟು, ಸುರಿದದ್ದನ್ನು ಒರೆಸಬೇಕು. ಒಂದು ಹನಿ ಎಣ್ಣೆಯೂ ಡ್ರಮ್ಮಿನೊಳಕ್ಕೆ ಅಥವಾ ಡಿಸ್ಕಿನ ಮೇಲೆ ಬೀಳಬಾರದು. ಬಿದ್ದರೆ ಬ್ರೇಕ್ ಹಿಡಿಯುವುದೇ ಇಲ್ಲ.

ಮನೆಯಲ್ಲಿ ಕೈಗೆ ಸಿಗುವ ತೆಂಗಿನೆಣ್ಣೆ ಇದಕ್ಕೆ ಹೊಂದದು. ಅದು ಸುಮಾರು 24 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಗಟ್ಟಿಯಾಗುತ್ತದೆ. ಹೊಸೂರಿನ ಮಾರ್ಗಶಿರದ ಬೆಳಗು ಅದಕ್ಕಿಂತ ಎಷ್ಟೋ ತಣ್ಣಗಿರುತ್ತದೆ. ಸೀಸೆಯಲ್ಲಿ ಹೆಪ್ಪುಗಟ್ಟುವ ಎಣ್ಣೆ ಕೇಬಲ್ಲಿನಲ್ಲೂ ಹೆಪ್ಪುಗಟ್ಟುತ್ತದೆ. ಎಂಜಿನ್ನಿನಿಂದ ತೆಗೆದ ಕಪ್ಪು ಆಯಿಲಿನಲ್ಲಿ ಲೋಹದ ಪುಡಿಯೂ ಆಮ್ಲವೂ ಇರುತ್ತವೆ. ಸೀಮೆಎಣ್ಣೆ, ಪೆಟ್ರೋಲ್ ಇದ್ದ ಜಿಡ್ಡನ್ನೂ ತೊಳೆದುಬಿಡುತ್ತವೆ. ತುಕ್ಕು ಬಿಡಿಸುವ ಸ್ಪ್ರೇಗಳು ಬಿಗಿದದ್ದನ್ನು ಸಡಿಲಿಸುತ್ತವೆಯಾದರೂ ಬಹುಕಾಲ ಉಳಿಯುವುದಿಲ್ಲ. ಅವುಗಳ ನಂತರ ಎಣ್ಣೆ ಬಿಡಲೇಬೇಕು. ದಪ್ಪ ಗ್ರೀಸು ಲಿವರ್ ಪಿನ್ನಿಗೆ, ನಿಪ್ಪಲ್ಲಿಗೆ ಸರಿ. ಕವಚದೊಳಗೆ ತುಂಬಿದರೆ ದೂಳನ್ನು ಅಂಟಿಸಿಕೊಳ್ಳುತ್ತದೆ.

*ಕಾಲ.* ಕೈಪಿಡಿ ಬೇರೆ ಹೇಳದಿದ್ದರೆ ವರ್ಷಕ್ಕೆ ಎರಡು ಸಲ ನೆನಪಿಟ್ಟುಕೊಳ್ಳುವುದು ಸುಲಭ: ಮುಂಗಾರಿಗೆ ಮುನ್ನ ಮೇ ತಿಂಗಳಿನಲ್ಲಿ ಒಮ್ಮೆ, ಆಯುಧಪೂಜೆಗೆ ಒಮ್ಮೆ. ಆಯುಧಪೂಜೆ ಬೀಳುವುದೇ ಮಳೆಯ ಕಾಲದಲ್ಲಿ. ಅಂದು ಊರಿಗೆ ಊರೇ ಗಾಡಿ ತೊಳೆಯುತ್ತದೆ. ತೊಳೆದು, ಒರೆಸಿ, ಅರಿಶಿನ ಕುಂಕುಮ ಇಡುವ ಮೊದಲು ಕೇಬಲ್ಲಿಗೆ ಎಣ್ಣೆ ಕಾಣಿಸಿದರೆ ಪೂಜೆ ಸಾರ್ಥಕ. ಬಂಡಿ ಕಟ್ಟುವ ಮುನ್ನ ಅಚ್ಚಿಗೆ ಕೀಲೆಣ್ಣೆ ಹಚ್ಚುತ್ತಿದ್ದ ರೈತನ ಮನೆಗೆ ಇದು ಹೊಸ ಪಾಠವೂ ಆಗದು.

*ಬದಲಿಸುವುದು.* ಒಂದು ಎಳೆ ತುಂಡಾಗಿದ್ದರೂ ಕೇಬಲ್ ಬದಲಿಸಬೇಕು. ಉಳಿದ ಎಳೆಗಳ ಮೇಲೆ ಹೊರೆ ಹೆಚ್ಚಿ ಅವೂ ಒಂದೊಂದಾಗಿ ತುಂಡಾಗುತ್ತವೆ. ತಂತಿ, ಕವಚ ಎರಡನ್ನೂ ಒಟ್ಟಿಗೆ ಬದಲಿಸುವುದು ಸರಿ. ಅದೇ ಮಾದರಿಯ, ಅದೇ ಉದ್ದದ ಕೇಬಲ್ ಹಾಕಿ ಹಳೆಯದು ಹೋದ ದಾರಿಯಲ್ಲೇ ಒಯ್ಯಬೇಕು. ಬಿಗಿದ ತಂತಿಗೆ ನಟ್ ಮಾತ್ರ ಇನ್ನಷ್ಟು ಬಿಗಿಯುವುದು ರೋಗವನ್ನು ಮುಚ್ಚಿಟ್ಟಂತೆ.

ದಾರಿಯಲ್ಲಿ ಕೈಕೊಟ್ಟರೆ

ತಂತಿ ತುಂಡಾದರೆ ಗಾಬರಿಯಾಗದೆ ಆ್ಯಕ್ಸಿಲರೇಟರ್ ಬಿಟ್ಟು, ಇನ್ನೊಂದು ಬ್ರೇಕನ್ನು ಮೆಲ್ಲಗೆ ಹಿಡಿಯುತ್ತ ಗಾಡಿಯನ್ನು ಎಡಕ್ಕೆ ತರಬೇಕು. ಬ್ರೇಕ್ ಹಿಡಿದುಕೊಂಡು ಚಕ್ರ ತಿರುಗದಿದ್ದರೆ ಪವರ್ ಆಫ್ ಮಾಡಿ, ಡ್ರಮ್ ತಣ್ಣಗಾದ ಮೇಲೆ, ಅದರ ಬಳಿಯ ನಟ್ ಸಡಿಲಿಸಿದರೆ ಚಕ್ರ ಬಿಡುತ್ತದೆ. ಆಮೇಲೆ ಗಾಡಿಯನ್ನು ತಳ್ಳಿಕೊಂಡು ಹೋಗಬೇಕೇ ಹೊರತು ಓಡಿಸಬಾರದು.

ಡಿಸ್ಕ್ ಬ್ರೇಕಿನ ಗಾಡಿಗಳು

ಕೇಬಲ್ ಇಲ್ಲದ ಗಾಡಿಗೂ ತೇವದ ಕಾಟ ತಪ್ಪಿದ್ದಲ್ಲ. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರುತ್ತದೆ. ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ಬದಲಿಸುತ್ತಾರೆ. ಬಳಕೆ ಕಡಿಮೆಯಾದರೆ ಕ್ಯಾಲಿಪರಿನ ಪಿಸ್ಟನ್ ಕೂಡ ಹಿಡಿದುಕೊಳ್ಳುತ್ತದೆ.

ದುರಸ್ತಿಯ ತಿಳಿವಳಿಕೆ

ಮೊಪೆಡ್ಡಿನ ಕಾಲದಿಂದ ಈ ಸೀಮೆಯ ರಸ್ತೆಬದಿಯ ಮೆಕ್ಯಾನಿಕ್‌ಗಳು ಬೆರಳಿನ ಸ್ಪರ್ಶದಿಂದಲೇ ಕೇಬಲ್ಲಿನ ಸ್ಥಿತಿ ಹೇಳಬಲ್ಲವರು. ಗಾಡಿಯೊಳಗೆ ಬ್ಯಾಟರಿ, ಸಾಫ್ಟ್‌ವೇರ್ ಬಂದವೆಂದು ಅವರ ಆ ವಿದ್ಯೆ ಹಳತಾಗಿಲ್ಲ. ಬ್ಯಾಟರಿಯ ಆರೋಗ್ಯವನ್ನು ಮೊಬೈಲ್ ಆ್ಯಪ್ ತೋರಿಸುತ್ತದೆ. ಕವಚದೊಳಗಿನ ತುಕ್ಕನ್ನು ತೋರಿಸುವ ಆ್ಯಪ್ ಇಲ್ಲ. ಅದನ್ನು ಅರಿಯುವುದು ಲಿವರ್ ಎಳೆದು ಬಿಡುವ ಕೈ. ಬೆಳಗಿನ ಪಾಳಿಗೆ ಹೊರಡುವ ಮುನ್ನ ಸವಾರ ಎರಡೂ ಲಿವರುಗಳನ್ನು ಒಮ್ಮೆ ಪೂರ್ತಿ ಎಳೆದು ನೋಡುವ ರೂಢಿ ಮಾಡಿಕೊಂಡರೆ, ಕೇಬಲ್ ಕೈಕೊಡುವ ಮೊದಲೇ ಅದರ ಬಿಗಿತ ಅವನ ಬೆರಳಿಗೆ ತಿಳಿಯುತ್ತದೆ.